ಅಮೋಘ ಎಂದರೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿದವಳಿಗೆ ನಿವೃತ್ತಿಯ ದಿನ ಒಂದು ಫಲಕ ಕೊಟ್ಟರು. ಅದರ ಮೇಲೆ 'ಅಮೋಘ ಸೇವೆಗಾಗಿ' ಎಂದು ಬರೆದಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮನೆಯಲ್ಲಿ ಅದನ್ನು ತೋರಿಸಲು ಯಾರೂ ಇರಲಿಲ್ಲ. ನಾಲ್ಕು ದಿನ ತಾನೇ ನೋಡಿದಳು. ಐದನೆಯ ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದಳು.

"ಅಣ್ಣಾ, ಈ ಅಮೋಘ ಅನ್ನೋದಕ್ಕೆ ಏನರ್ಥ?"

"ತುಂಬಾ ಚೆನ್ನಾಗಿದೆ ಅಂತ," ಎಂದ ಗ್ರಂಥಪಾಲಕ, ತಲೆಯೆತ್ತದೆ.

ಅವಳು ಚೀಲದಿಂದ ಫಲಕ ತೆಗೆದು ಅವನ ಮುಂದಿಟ್ಟಳು. "ಅದು ಗೊತ್ತು. ಸಿನಿಮಾಗೂ ಹಾಗೇ ಅಂತಾರೆ. ನಾನು ಆಸ್ಪತ್ರೇಲಿ ಇಸ್ತ್ರಿ ಹಾಕ್ತಿದ್ದೆ, ಅದ್ರಲ್ಲಿ ಅಂಥದ್ದೇನಿದೆ? ಈ ಪದ ಎಲ್ಲಿಂದ ಬಂತು?"

ಅವನು ನಕ್ಕು ದಪ್ಪ ನಿಘಂಟು ತೆರೆದ. ಓದುತ್ತಾ ಓದುತ್ತಾ ಅವನ ದನಿ ಮೆತ್ತಗಾಯಿತು.

"ಸಂಸ್ಕೃತದ್ದು ಅಕ್ಕಾ. ಮೋಘ ಅಂದ್ರೆ ವ್ಯರ್ಥ. ಅಮೋಘ ಅಂದ್ರೆ ವ್ಯರ್ಥವಾಗದೆ ಇರೋದು. ಚೆನ್ನಾಗಿದೆ ಅನ್ನೋ ಅರ್ಥ ಆಮೇಲೆ ಬಂದಿದ್ದು."

"ದಂಡ ಆಗ್ಲಿಲ್ಲ ಅಂತಾನಾ?"

"ಹೂಂ, ಅದೇ."

ಅವಳು ಫಲಕವನ್ನು ನಿಘಂಟಿನ ಪಕ್ಕಕ್ಕೆ ಸರಿಸಿದಳು. "ಇನ್ನೊಂದ್ಸಲ ಓದ್ತೀರಾ? ಓದೋಕೆ ನನಗೂ ಬರುತ್ತೆ. ಆದ್ರೆ ಇನ್ನೊಬ್ರ ಬಾಯಲ್ಲಿ ಕೇಳ್ಬೇಕು."

ಅವನು ಕುರ್ಚಿ ಎಳೆದು ಅವಳನ್ನು ಕೂರಿಸಿ, ಮೊದಲಿನಿಂದ ನಿಧಾನವಾಗಿ ಓದಿದ.