ಕೆನ್ನೆಗೆ ತಣ್ಣಗಿರುವ ತನಕ

2009ರಲ್ಲಿ ಡೆಟ್ರಾಯಿಟ್‌ನ ಕಾರು ಕಾರ್ಖಾನೆ ನನ್ನನ್ನು ಮನೆಗೆ ಕಳಿಸಿತು. ಇಪ್ಪತ್ತೆರಡು ವರ್ಷ ನಾನಲ್ಲಿ ಪೇಂಟ್ ಇನ್ಸ್‌ಪೆಕ್ಟರ್. ಕೂದಲೆಳೆಯಷ್ಟು ಗೀರು ಕಂಡರೂ ಕಾರನ್ನು ವಾಪಸ್ ಕಳಿಸುವುದೇ ಕೆಲಸ. ಅಂಥವನ ಗ್ಯಾರೇಜಿಗೆ ಗೀರುವುದನ್ನೇ ಕಸುಬು ಮಾಡಿಕೊಂಡವಳು ಬಂದಳು. ಕಿಯೋಮಿ, ಜಪಾನಿನ ಕುಂಬಾರಿಕೆ ಕಲಾವಿದೆ. ಅವಳ ಸ್ಟುಡಿಯೋ ಮುಚ್ಚಿಹೋಗಿತ್ತು. ನಮ್ಮ ಗ್ಯಾರೇಜಿನಲ್ಲೇ ಕೆಲಸ ಮಾಡಿಕೋ ಎಂದು ನನ್ನ ಹೆಂಡತಿ ವತ್ಸಲಾ ನನ್ನನ್ನು ಕೇಳದೆಯೇ ಅವಳನ್ನು ಕರೆದಿದ್ದಳು.

ಕಿಯೋಮಿ ಹಸಿ ತಟ್ಟೆಯ ಮೇಲೆ ಗಾಳಿಗೆ ಬಾಗಿದ ಹುಲ್ಲನ್ನು ಕೊರೆದಳು. ಆಮೇಲೆ ತಟ್ಟೆಗೆಲ್ಲ ಬಿಳಿ ಮಣ್ಣು ಬಳಿದುಬಿಟ್ಟಳು.

"ಚಿತ್ರ ಎಲ್ಲಿ ಹೋಯ್ತು?" ಎಂದೆ.

"ಒಳಗಿದೆ. ಬಿಳಿ ಗಟ್ಟಿಯಾದ್ಮೇಲೆ ಹೆರೀತೀನಿ. ಗೀರೊಳಗಿನದು ಮಾತ್ರ ಉಳಿಯುತ್ತೆ."

"ಗಟ್ಟಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ? ಮೀಟರ್ ಇದೆಯಾ?"

ಅವಳು ತಟ್ಟೆಗೆ ಕೆನ್ನೆ ಇಟ್ಟಳು. "ತಣ್ಣಗಿದ್ರೆ ಇನ್ನೂ ನೀರಿದೆ."

ಶಿಕಾಗೋದ ಗ್ಯಾಲರಿಯೊಂದು ಈ ಒಂದು ತಟ್ಟೆ ನೋಡಲು ಒಪ್ಪಿತ್ತು. ಹಿಡಿಸಿದರೆ ಪ್ರದರ್ಶನ, ಇಲ್ಲವಾದರೆ ಅವಳು ಜಪಾನಿಗೆ ವಾಪಸ್.

ಮರುದಿನ ಅವಳು ಮಣ್ಣು ತರಲು ಹೋದಾಗ ನಾನೂ ಕೆನ್ನೆ ಇಟ್ಟೆ. ಕಾಫಿ ತಂದ ವತ್ಸಲಾ ನಿಂತು ನೋಡಿದಳು.

"ರೀ, ಮೂವತ್ತು ವರ್ಷದಲ್ಲಿ ನನ್ನ ಕೆನ್ನೆ ಹತ್ರ ಇಷ್ಟು ಹೊತ್ತು ಇದ್ದಿದ್ದಿಲ್ಲ ನೀವು."

ತಟ್ಟೆ ತಣ್ಣಗಿತ್ತು. ಆದರೆ ಒಳಗಿನ ಹುಲ್ಲು ನನ್ನನ್ನು ಕೂರಲು ಬಿಡಲಿಲ್ಲ. ಒಂದೇ ಇಂಚು ಹೆರೆದೆ. ಬಿಳಿ ಮಣ್ಣು ದೋಸೆಹಿಟ್ಟಿನಂತೆ ಮೆತ್ತಿಕೊಂಡು ಗೆರೆಗಳು ಕಲಸಿಹೋದವು.

ಕಿಯೋಮಿ ಬಂದು ನೋಡಿದಳು. "ತಣ್ಣಗಿತ್ತಾ?"

"ಇತ್ತು."

"ಮತ್ತೆ?"

"ತಡ್ಕೊಳಕ್ಕಾಗ್ಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೆಟ್ಟ ಜಾಗದಲ್ಲಿ ಹುಲ್ಲಿನ ನಾಲ್ಕು ಎಸಳು ಹೊಸದಾಗಿ ಕೊರೆದು, ಬಿಳಿ ತುಂಬಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಈಗ ಕಾಯಿರಿ, ನನ್ನ ಜೊತೆ."

ಅರ್ಧ ಗಂಟೆಗೊಮ್ಮೆ ಸರದಿಯಲ್ಲಿ ಕೆನ್ನೆ ಇಟ್ಟೆವು. ಸಂಜೆ ಅವಳು ಹೆರೆದಾಗ ಬಿಳಿ ಪುಡಿಯುದುರಿ, ಕಂದು ಮಣ್ಣಿನೊಳಗಿಂದ ಹುಲ್ಲು ಒಂದೊಂದೇ ಎಸಳಾಗಿ ಎದ್ದುಬಂತು.

ಆವಿಗೆಯಲ್ಲಿ ಸುಟ್ಟು ಗಟ್ಟಿಯಾದ ತಟ್ಟೆಯನ್ನು ಕಂಬಳಿಯಲ್ಲಿ ಸುತ್ತಿ, ಕಿಯೋಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಮನೆಯಿರುವ ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ಶಿಕಾಗೋಗೆ ಮುನ್ನೂರು ಮೈಲಿ ನಾನೇ ಓಡಿಸಿದೆ. ಗ್ಯಾಲರಿಯವನು ಅದನ್ನು ದೀಪದಡಿ ತಿರುಗಿಸಿ ತಿರುಗಿಸಿ ನೋಡಿದ. ನನ್ನ ಹಳೇ ಕೆಲಸ ತಿಳಿದು ನಕ್ಕ.

"ಹಾಗಾದ್ರೆ ನೀವೇ ಹೇಳಿ. ಏನಾದ್ರೂ ದೋಷ ಇದೆಯಾ?"

ಕಿಯೋಮಿ ನೆಲ ನೋಡುತ್ತಿದ್ದಳು.

"ಪಾಸ್," ಎಂದೆ.

ಅವನು ಪ್ರದರ್ಶನದ ತಾರೀಖು ಬರೆದುಕೊಟ್ಟ. ವಾಪಸ್ ಬರುವಾಗ, ಹೆದ್ದಾರಿಯ ಎರಡು ಎಕ್ಸಿಟ್ ದಾಟಿದ ಮೇಲೆ ಕಿಯೋಮಿ ನನ್ನ ಕಡೆ ತಿರುಗಿದಳು.

"ಆ ನಾಲ್ಕು ಎಸಳು ಸ್ವಲ್ಪ ದಪ್ಪ, ಅಲ್ವಾ?"

"ಎರಡನೇದು ಜಾಸ್ತಿ ದಪ್ಪ," ಎಂದೆ.