ಐದು ಕೆಂಪು ಚುಕ್ಕೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ತದಡಿ ಬಂದರಿನ ಧಕ್ಕೆಯಲ್ಲಿ ಎರಡು ಬೋಟುಗಳ ನಡುವಿನಿಂದ ಶನಿಯಾರನ ಹೆಣ ಎತ್ತಿದರು. ಎದೆಗೂಡು ಜಜ್ಜಿ ಒಳಗೆ ಹೋಗಿತ್ತು. ಕಾಲು ಹಿಡಿದು ಎತ್ತಿದವನು ತಮ್ಮ ವೆಂಕಟ. ಎರಡು ವರ್ಷದಿಂದ ಪೂರ್ತಿ ಕುರುಡನಾಗಿದ್ದ ಅಣ್ಣ, ಧಕ್ಕೆ ಮುಗಿದದ್ದು ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟಿದ್ದ. ಅದು 1986ರ ಜನವರಿ.

ಒಂಬತ್ತಕ್ಕೆ ಹೆಣ ಅಂಗಳದಲ್ಲಿತ್ತು. ಹೊದೆಸಲು ಹೊಸ ಪಂಚೆ ಹುಡುಕಲು ಹೋದ ಮಗಳು ಗಂಗೆ, ಟ್ರಂಕಿನ ತಳದಲ್ಲಿ ಸಿಕ್ಕ ಕಾಗದವೊಂದನ್ನು ಹಿಡಿದು ಹೊರಬಂದಳು. ಚಟ್ಟ ಕಟ್ಟಿ ಉಳಿದಿದ್ದ ಬಿದಿರು ಎತ್ತಿ ಚಿಕ್ಕಪ್ಪ ವೆಂಕಟನ ಭುಜಕ್ಕೆ ಬಾರಿಸಿದಳು. ಎರಡನೇ ಏಟು ಕಿವಿಗೆ ಬಿತ್ತು.

"ಹೆಣದ ಮುಂದೆ ಎಂತ ಹುಚ್ಚೇ ಇದು!" ನೆರೆಮನೆಯ ಮಾಸ್ತಮ್ಮ ಬಿದಿರು ಕಿತ್ತುಕೊಂಡಳು.

"ಓದ್ತೆ, ಕೇಳಿ. 'ದೃಷ್ಟಿ ಸರಿ ಇದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಬದಿಯಲ್ಲಿ ರಕ್ತದ ಚುಕ್ಕೆ ಐದು. ಆರು ತಿಂಗಳಿಗೊಮ್ಮೆ ನೋಡಲೇಬೇಕು.' ಏಳು ವರ್ಷದ ಹಿಂದೇ ಡಾಕ್ಟ್ರು ಬರ್ದಿದ್ರು. ಆ ಡಾಕ್ಟ್ರ ಕೈ ಮುರ್ದಂವ ಯಾರು?"

ಬರಹದ ಕೆಳಗೆ ಒಂದು ವೃತ್ತ, ಅದರೊಳಗೆ ಕವಲೊಡೆದ ಗೆರೆಗಳು, ಕೆಂಪು ಪೆನ್ಸಿಲಿನ ಐದು ಚುಕ್ಕೆ. ವೆಂಕಟನ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

*

1979ರಲ್ಲಿ ಕುಮಟೆಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಅಲ್ಲಿಯೇ ದವಾಖಾನೆ ಇಟ್ಟಿದ್ದ ಡಾಕ್ಟರೊಬ್ಬರು ನೋಡುತ್ತಿದ್ದರು. ಶನಿಯಾರ ಹಲಗೆಯ ಕೊನೆಯ ಸಾಲಿನವರೆಗೂ ತಡವರಿಸದೆ ಗುರುತು ಹಿಡಿದ.

"ಅಳಿವೆ ಆಚೆ ಮೀನು ಹಾರಿದ್ರೆ ಕಾಣ್ತದೆ ನಂಗೆ. ಕನ್ನಡಕ ಹಾಕ್ಕಂಡವ್ರು ನೀವು, ನನ್ ಕಣ್ಣು ನೋಡುದಾ?"

ಡಾಕ್ಟರೂ ನಕ್ಕರು. ಮೂತ್ರದಲ್ಲಿ ಸಕ್ಕರೆ ಕಂಡಿದ್ದರಿಂದ ಪಾಪೆ ಹಿಗ್ಗಿಸಲು ಹನಿ ಹಾಕಿದರು. ಸಂಜೆವರೆಗೆ ಮಂಜು ಇರುತ್ತದೆ ಎಂದೂ ಹೇಳಿದರು. ವರಾಂಡದಲ್ಲಿದ್ದ ವೆಂಕಟನಿಗೆ ಅದು ಕೇಳಿಸಲಿಲ್ಲ. ಕಣ್ಣಿನ ಹಿಂಬದಿ ನೋಡಿ ಅವರು ಬರೆದುಕೊಟ್ಟ ಕಾಗದ ಜೇಬಿಗಿಟ್ಟು ಹೊರಬಂದ ಶನಿಯಾರ, ಬಿಸಿಲು ತಾಗಿದ್ದೇ ಡಾಕ್ಟರ ಮಾತು ಮರೆತು ಕಿರುಚಿದ.

"ತಮ್ಮಾ, ನನ್ನ ಅಂಗೈ ನಂಗೆ ಕಾಣುದಿಲ್ವೋ!"

ಬೋಟು ನಡೆಸುವವನ ಕಣ್ಣೆಂದರೆ ಏಳು ಜನರ ಜೀವ. ವೆಂಕಟ ಮುರಿದ ಬೆಂಚಿನ ಕಾಲು ಎತ್ತಿಕೊಂಡು ಒಳನುಗ್ಗಿದ. ಒಂದೇ ಏಟು. ಡಾಕ್ಟರ ಬಲ ಮುಂಗೈ ಒಣ ಕಟ್ಟಿಗೆಯ ಹಾಗೆ ಸದ್ದು ಮಾಡಿತು. ಸಾಲಿನಲ್ಲಿದ್ದ ನಲವತ್ತು ಮಂದಿ ಪರೀಕ್ಷೆಯಿಲ್ಲದೆ ಮನೆಗೆ ಹೋದರು.

ಸಂಜೆಗೆ ಶನಿಯಾರನ ಕಣ್ಣು ಮೊದಲಿನಂತಾಯಿತು. ಪೆಟ್ಟು ಬಿದ್ದಿದ್ದಕ್ಕೇ ಮದ್ದಿನ ವಿಷ ಇಳಿಯಿತೆಂದು ಧಕ್ಕೆಯಲ್ಲಿ ಮಾತಾಯಿತು. ಆಮೇಲೆ ಅಣ್ಣ ತಮ್ಮ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಸುಳಿಯಲಿಲ್ಲ.

*

ಶನಿಯಾರನಿಗೆ ಗಂಡು ಮಕ್ಕಳಿಲ್ಲ. ಕೆಂಡದ ಮಡಕೆ ಹಿಡಿದು ಚಟ್ಟದ ಮುಂದೆ ನಡೆಯಬೇಕಾದವನು ವೆಂಕಟ. ಗಂಗೆ ಮಡಕೆ ಎತ್ತಿ ಹಿಡಿದುಕೊಂಡಳು, ಕೊಡಲಿಲ್ಲ.

"ನಿಂಗೂ ಸಕ್ಕರೆ ಬಂದು ನಾಕು ವರ್ಷ ಆತು. ಕಣ್ಣು ತೋರಿಸ್ತ್ಯೋ ಇಲ್ವೋ?"

"ನಂಗೆ ಎಂತ ಆಗ್ಯದೆ? ದೂರದ ಬೋಟಿನ ಬಾವುಟ ಕಾಣ್ತದೆ."

"ಅಪ್ಪಂಗೂ ಕಾಣ್ತಿತ್ತು."

"ಆ ಡಾಕ್ಟ್ರ ಎದುರಿಗೆ ಹೆಂಗೆ ಹೋಗುದೇ?"

"ಕೈ ಮುರಿಯೂಕೆ ಹೋದಂಗೇ ಹೋಗು."

ಹೊತ್ತವರು ಚಟ್ಟಕ್ಕೆ ಭುಜ ಕೊಟ್ಟು ನಿಂತಿದ್ದರು. ಮಡಕೆಯ ತಳ ಕಾದು ಗಂಗೆಯ ಅಂಗೈ ಸುಡುವ ವಾಸನೆ ಬಂತು. ಅವಳು ಇಳಿಸಲಿಲ್ಲ.

"ಹುಡುಗಿ ಕೈ ಬೇಯ್ತದ್ಯೋ! ಒಂದು ಮಾತು ಹೇಳು ಮಾರಾಯಾ," ಎಂದು ಮಾಸ್ತಮ್ಮ ಕೂಗಿದಳು.

"ಆತು," ಎಂದ ವೆಂಕಟ.

ಮಡಕೆ ಅವನ ಕೈಗೆ ಬಂದಾಗ ಅದರ ತಳಕ್ಕೆ ಅವಳ ಚರ್ಮ ಅಂಟಿತ್ತು.

*

ಸೂತಕ ಕಳೆದ ಮರುದಿನ ಬೋಟು ಕಡಲಿಗೆ ಇಳಿಯಲಿಲ್ಲ. ವೆಂಕಟ ಏಳು ಗಂಟೆಯ ಬಸ್ಸಿಗೆ ಕುಮಟೆಗೆ ಹೋದ. ಹೆಸರು ಕೇಳಿದ ಡಾಕ್ಟರಿಗೆ ತನ್ನದನ್ನೂ ಅಣ್ಣನದನ್ನೂ ಹೇಳಿದ. ಅವರು ಅವನ ತಲೆ ಹಿಂದಕ್ಕೆ ಬಾಗಿಸಿ, ಹನಿ ಹಾಕಿದರು.

"ಸಂಜೆವರೆಗೆ ಮಂಜು ಇರ್ತದೆ. ಗೊತ್ತಲ್ಲ?"

"ಗೊತ್ತು."

ಡಾಕ್ಟರ ಬಲ ಮುಂಗೈ ತಿರುಗುತ್ತಿರಲಿಲ್ಲ. ದೀಪವನ್ನು ಎಡಗೈಯಲ್ಲಿ ಹಿಡಿದು ಎರಡೂ ಕಣ್ಣು ನೋಡಿದರು. ಆಮೇಲೆ ಎಡಗೈಯಲ್ಲೇ ಕೆಂಪು ಪೆನ್ಸಿಲು ಹಿಡಿದು, ಹೊಸ ಕಾಗದದ ವೃತ್ತದೊಳಗೆ ಮೂರು ಚುಕ್ಕೆ ಹಾಕಿದರು.