ಸೋಪು ಕಟ್ಟಿದ ಡ್ರಮ್ಮು

೨೦೧೮ರ ನವೆಂಬರ್ ೨೨, ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಡ್ರಮ್ಮಿನ ಮುಚ್ಚಳ ತೆಗೆದಳು. ಮೇಲೆ ತಿಳಿಯಾದ ಇಂಧನ, ತಳದಲ್ಲಿ ಕಪ್ಪು ಗ್ಲಿಸರಿನ್ ಬೇರೆಬೇರೆಯಾಗಿ ನಿಂತಿರಬೇಕಿತ್ತು. ಡ್ರಮ್ಮಿನ ತುಂಬ ಇದ್ದದ್ದು ಅಂಟಿನಂಥ ಸೋಪು. ಈ ವಾರ ಕೆಟ್ಟ ಮೂರನೆಯ ಬ್ಯಾಚು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮಗೆ ಕೈಯೂ ಸೋಪು, ಬಾಯೂ ಸೋಪು," ಎಂದ ತಮ್ಮ. ಬೀದಿ ತುದಿಯ ತಿಂಡಿ ಅಂಗಡಿಯಿಂದ ಕರಿದುಳಿದ ಎಣ್ಣೆ ಹೊತ್ತು ತರುವವನು ಅವನು. ಅದಕ್ಕೆ ಮೆಥನಾಲ್, ಕಾಸ್ಟಿಕ್ ಸೋಡಾ ಬೆರೆಸಿ ಜನರೇಟರಿಗೆ ಡೀಸೆಲ್ ಮಾಡುವವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅಕ್ಕ.

ಅವಳು ನಗಲಿಲ್ಲ. ಗೋಡೆಯಾಚೆ ಅಪ್ಪನ ಆಕ್ಸಿಜನ್ ಯಂತ್ರ ಬುಸುಗುಟ್ಟುತ್ತಿತ್ತು. ಹೊರಗೆ ಬಿರುಗಾಳಿಗೆ ಕರೆಂಟಿನ ತಂತಿಗಳು ತೂಗಾಡುತ್ತಿದ್ದವು. ಬಂಕುಗಳಲ್ಲಿ ಡೀಸೆಲ್ ಬತ್ತಿ ವಾರವಾಗಿತ್ತು, ಆಕ್ಸಿಜನ್ ಸಿಲಿಂಡರು ಎಲ್ಲೂ ಸಿಕ್ಕಿರಲಿಲ್ಲ. ಕರೆಂಟು ಹೋದರೆ ಅಪ್ಪನ ಉಸಿರಿಗೆ ಈ ಡ್ರಮ್ಮೇ ಗತಿ.

ಎಣ್ಣೆ ತೀರಾ ಹಳಸಿದೆ ಎಂದುಕೊಂಡು ಅವಳು ಪ್ರತಿ ಸಲವೂ ಸೋಡಾ ಏರಿಸಿದ್ದಳು. ಏರಿಸಿದಷ್ಟೂ ಸೋಪು. ಈಗ ಅಡುಗೆಮನೆಗೆ ಹೋಗಿ, ತಮ್ಮ ಇವತ್ತು ತಂದ ಕ್ಯಾನಿನಿಂದ ಒಂದು ಸೌಟು ಎಣ್ಣೆಯನ್ನು ಬಾಣಲೆಗೆ ಹಾಕಿ ಕಾಯಿಸಿದಳು. ಎಣ್ಣೆ ಚಟಪಟ ಸಿಡಿಯಿತು.

"ನೀರು ಸೇರಿದೆ ಕಣೋ. ಅದಕ್ಕೇ ಸೋಪು ಕಟ್ತಿರೋದು."

"ನೀರೆಲ್ಲಿಂದ ಬರುತ್ತೆ? ಅಂಗಡಿಯವನು ನನ್ನ ಕಣ್ಣೆದುರೇ ಕ್ಯಾನಿಗೆ ಸುರೀತಾನೆ."

ಪಾತ್ರೆ ತೊಳೆಯುತ್ತಿದ್ದ ಅಮ್ಮ ತಿರುಗಿದಳು. "ಅಂಗಡಿಯವನ ಹೆಂಡತಿ ಭಾನುವಾರ ಮೂಗು ಮುರಿದ್ಲು, ಎಂಥ ಜಿಡ್ಡು ಕ್ಯಾನು ಕಳಿಸ್ತೀರಿ ಅಂತ. ಆವತ್ತಿಂದ ನಾನೇ ಬಿಸಿನೀರು ಹಾಕಿ ಕುಲುಕಿ ಕೊಡ್ತಿದೀನಿ."

"ಒಣಗಿಸ್ತಿದ್ಯಾ?"

"ನಿನ್ನ ತಮ್ಮ ನಿಂತ ಕಾಲಲ್ಲಿ ಕ್ಯಾನು ಕೇಳ್ತಾನೆ. ಒಣಗೋಕೆ ಎಲ್ಲಿ ಬಿಡ್ತಾನೆ?" ಅಮ್ಮ ಇಬ್ಬರ ಮುಖವನ್ನೂ ನೋಡಿದಳು. "ಯಾಕೆ, ಏನಾಯ್ತು?"

"ಏನಿಲ್ಲಮ್ಮ. ಮೊದಲ ಬ್ಯಾಚು ಕೆಟ್ಟಾಗಲೇ ನಾನು ಎಣ್ಣೆ ಕಾಯಿಸಿ ನೋಡಬೇಕಿತ್ತು."

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಪ್ಪನ ಕೋಣೆಗೆ ಹೋದಳು.

ಅಕ್ಕ ದೊಡ್ಡ ಪಾತ್ರೆಗೆ ಎಣ್ಣೆ ಸುರಿದು ಒಲೆಗಿಟ್ಟಳು. ನೀರು ಆರಬೇಕು, ಎಣ್ಣೆ ತಣಿಯಬೇಕು, ಬೆರೆಸಿದ ಮೇಲೆ ತಿಳಿಯಾಗಬೇಕು. ಎಷ್ಟೇ ಅವಸರ ಮಾಡಿದರೂ ನಾಳೆ ಮಧ್ಯಾಹ್ನದ ಮಾತು.

ಎಣ್ಣೆಯ ಸಿಡಿತ ಇನ್ನೂ ನಿಂತಿರಲಿಲ್ಲ, ದೀಪ ಹೋಯಿತು. ಗೋಡೆಯಾಚೆಯ ಬುಸುಗುಡುವಿಕೆ ನಿಂತು, ಯಂತ್ರ ಒಂದೇ ಸಮನೆ ಕೂಗತೊಡಗಿತು. ತಮ್ಮ ಹಿತ್ತಲಿಗೆ ಓಡಿ ಜನರೇಟರಿನ ಹಗ್ಗ ಎಳೆದ. ಎರಡನೆಯ ಎಳೆತಕ್ಕೆ ಅದು ಹೊತ್ತಿಕೊಂಡಿತು. ಅಪ್ಪನ ಕೋಣೆಯಲ್ಲಿ ಯಂತ್ರ ಮತ್ತೆ ಉಸಿರಾಡಿತು.

"ಡ್ರಮ್ಮಲ್ಲಿರೋದನ್ನೇ ಸೋಸಿ ಹಾಕಿದ್ರೆ?"

"ಫಿಲ್ಟರ್ ಕಟ್ಟಿಕೊಳ್ಳುತ್ತೆ. ಇರೋದೂ ನಿಲ್ಲುತ್ತೆ."

"ಗಂಟೆಗೆ ಒಂದು ಲೀಟರ್ ಕುಡಿಯುತ್ತೆ ಅಲ್ವಾ, ಅಕ್ಕ?"

ಅಕ್ಕ ಅಳತೆ ಕಡ್ಡಿಯನ್ನು ಒರೆಸಿ ಜನರೇಟರಿನ ಟ್ಯಾಂಕಿಗೆ ಇಳಿಸಿದಳು, ಎತ್ತಿ ಟಾರ್ಚಿನ ಬೆಳಕಿಗೆ ಹಿಡಿದಳು. ಎರಡೂವರೆ ಲೀಟರ್ ಇತ್ತು.